ಮಾಡಿದವರೊಬ್ಬರು, ಉಂಡವರೊಬ್ಬರು

ನಾಸಿಕ್ ಬಳಿಯ ದಿಂಡೋರಿಯಲ್ಲಿ ನನ್ನ ಗೆಳೆಯನ ದ್ರಾಕ್ಷಿ ತೋಟವಿದೆ. ಕಳೆದ ಚಳಿಗಾಲದಲ್ಲಿ ಹೋದಾಗ ಬೂದಿ ರೋಗಕ್ಕೆ ಔಷಧಿ ಹೊಡೆಸುತ್ತಿದ್ದ. ಖಾಲಿ ಡಬ್ಬಿಯ ಮೇಲೆ ‘ಟೆಬುಕೊನಜೋಲ್’ ಎಂದಿತ್ತು. ಆ ‘ಕೊನಜೋಲ್’ ಎಂಬ ಬಾಲ ನನಗೆ ಗುರುತಿತ್ತು.

ಅದಕ್ಕೂ ಹಿಂದಿನ ವರ್ಷ ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯೊಂದರಲ್ಲಿ ಭಾವ ಮಲಗಿದ್ದರು. ಹಳೆಯ ಕ್ಷಯ ಶ್ವಾಸಕೋಶದಲ್ಲಿ ಬಿಟ್ಟುಹೋದ ಕುಳಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದಿತ್ತು. ವೊರಿಕೊನಜೋಲ್ ಕೊಟ್ಟರು, ಜಗ್ಗಲಿಲ್ಲ. ಲ್ಯಾಬ್ ವರದಿಯಲ್ಲಿ ‘ರೆಸಿಸ್ಟೆಂಟ್’ ಎಂದು ಬಂತು. ಕೊನೆಗೆ ಆಂಫೊಟೆರಿಸಿನ್ ಬಿ ಹನಿಸಿದರು. ಭಾವ ಉಳಿದರು, ಅವರ ಮೂತ್ರಪಿಂಡಗಳು ಮೊದಲಿನಂತೆ ಉಳಿಯಲಿಲ್ಲ. “ಆ ಗುಳಿಗೆ ನಾನು ಜನ್ಮದಲ್ಲೇ ತಿಂದವನಲ್ಲ. ಈ ಬೂಷ್ಟಿಗೆ ಅದು ಮೊದಲೇ ಹೇಗೆ ಒಗ್ಗಿತು?” ಎಂದು ಕೇಳಿದ್ದರು.

ಉತ್ತರದ ಒಂದು ತುದಿ ಆ ಡಬ್ಬಿಯಲ್ಲಿತ್ತು. ತೋಟದ್ದೂ ಆಸ್ಪತ್ರೆಯದೂ ಅಜೋಲ್ ಕುಟುಂಬದ ಔಷಧಿಗಳೇ. ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಎರಡೂ ತಡೆಯುತ್ತವೆ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಬದುಕುವ ಆಸ್ಪರ್ಜಿಲಸ್ ಒಂದಕ್ಕೆ ಒಗ್ಗಿಕೊಂಡರೆ ಇನ್ನೊಂದಕ್ಕೂ ಒಗ್ಗಬಹುದು. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲಿಗಾದರೂ ಹೋಗುತ್ತವೆ. ಟ್ಯುಲಿಪ್ ಹೂಗಳ ನಾಡಾದ ನೆದರ್‌ಲ್ಯಾಂಡ್ಸ್‌ನಲ್ಲಿ, ಅಜೋಲ್ ಮುಟ್ಟಿಯೂ ಇರದ ರೋಗಿಗಳಲ್ಲಿ ಇಂಥ ಬೂಷ್ಟು ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅತಿ ಗಂಭೀರ ಗುಂಪಿನಲ್ಲಿದೆ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಮೀಟಿಂಗ್ ಕರೆಯುತ್ತೇವೆ. ಸಂಜೆಯೊಳಗೆ ಯಾರ ಕೋಡ್‌ನಿಂದ ಆಯಿತೆಂದು ತಿಳಿಯುತ್ತದೆ. ಆದರೆ ಯಾವ ಹೊಲದ ಯಾವ ಕಣ ಭಾವನ ಎದೆ ಸೇರಿತೆಂದು ಯಾರೂ ಹೇಳಲಾರರು. ಯಾರ ಹೆಸರಿಗೂ ಬರೆಯಲಾಗದ ತಪ್ಪು ತಪ್ಪೇ ಅಲ್ಲವೇ?

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತೇವೆ. ಇಲ್ಲಿ ಉಂಡವರು ಮಾಡಿದವರಲ್ಲ. ಗೆಳೆಯನನ್ನು ದೂರಲೇ? ಬೆಳೆ ಹೋದರೆ ಬ್ಯಾಂಕಿನ ಸಾಲ ಅವನ ತಲೆಯ ಮೇಲೆ. ಇನ್ನು ನಾನು, ಗೊಂಚಲನ್ನು ತಿರುಗಿಸಿ ನೋಡಿ, ಒಂದು ಕಲೆ ಕಂಡರೂ ಪಕ್ಕಕ್ಕಿಡುವವನು. ಹಂಚಿಕೊಂಡರೆ ನಮ್ಮೊಬ್ಬೊಬ್ಬರ ಪಾಲು ಕಣ್ಣಿಗೆ ಕಾಣದಷ್ಟು ಸಣ್ಣದು. ಹಾಸಿಗೆಯಲ್ಲಿರುವವರಿಗೆ ಮಾತ್ರ ಅದು ಇಡಿಯಾಗಿ ಬರುತ್ತದೆ. ಹಾಗಾಗಿ ಪುರಾವೆ ಸಿಗುವವರೆಗೂ ಕಾಯುತ್ತೇನೆ ಎನ್ನುವುದು, ನನ್ನ ಮಟ್ಟಿಗೆ, ಜಾರಿಕೊಳ್ಳುವ ಉಪಾಯ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ರೋಗ ಕಂಡಾಗಷ್ಟೇ ಹೊಡಿ, ಆದಷ್ಟು ಗಂಧಕದಲ್ಲೇ ಸುಧಾರಿಸು ಎಂದೆ. ಅವನು ಸುಮ್ಮನೆ ಕೇಳಿ, “ಕಲೆ ಬಿದ್ದ ಗೊಂಚಲಿಗೂ ಇದೇ ಬೆಲೆ ಕೊಡ್ತೀಯಾ?” ಎಂದ.

ಅಂದು ಎರಡು ಕೆಜಿಗೆ ಕೊಟ್ಟೆ. ವರ್ಷವಿಡೀ ಕೊಡುತ್ತೇನೆಯೇ ಎಂದು, ಅಕ್ಕನ ಮನೆಗೆ ಹೋದಾಗಲೆಲ್ಲ, ನನ್ನನ್ನೇ ಕೇಳಿಕೊಳ್ಳುತ್ತೇನೆ.