ಕಟ್ಟಿಹಾಕಿದವನ ಎದುರು



ಕಳೆದ ಭಾನುವಾರ ಗುಬ್ಬಿಯ ಓದಿನಲ್ಲಿ ಕುಣಿಗಲ್ ಕಡೆಯ ತಮ್ಮನೊಬ್ಬ ಕೇಳಿದ: "ಅಣ್ಣಾ, ಯುದ್ಧದ ಕಾಲದಲ್ಲಿ ಸಿಕ್ಕಿಬಿದ್ದವನನ್ನು ಸರ್ಕಾರ ಹಿಂಸಿಸಿ ಬಾಯಿ ಬಿಡಿಸಿದರೆ ತಪ್ಪೇನು? ಅಹಿಂಸೆ ನಿಯಮವಲ್ಲ, ತತ್ವ ಅಂತ ಬಾಬಾಸಾಹೇಬರೇ ಹೇಳಿದ್ದಾರಲ್ಲ?"

ನಾನು ಸರಿಯಾಗಿ ಉತ್ತರಿಸಲಿಲ್ಲ. ಯಾಕೆಂದರೆ ತೊಂಬತ್ತರ ದಶಕದಲ್ಲಿ ತುಮಕೂರಿನ ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಪೇಪರ್ ಹಿಡಿದು ಅದೇ ಮಾತಾಡಿದವನು ನಾನು. ನಮಗೆ ಹತ್ತಿರದ ಯುದ್ಧವೆಂದರೆ ಆಗ ವೀರಪ್ಪನ್ ಮೇಲಿನದು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತಾಗ, "ಕಾಡಂಚಿನವರಿಗೆ ನಾಲ್ಕು ಬಿಗಿದರೆ ಎಲ್ಲ ಹೇಳ್ತಾರೆ" ಅಂದಿದ್ದೆ.

ಬಿಗಿದರು. ಮಲೆ ಮಹದೇಶ್ವರ ಬೆಟ್ಟದಲ್ಲಿ, ನಮ್ಮೂರುಗಳಿಂದಲೂ ಜನ ಹರಕೆಗೆ ಹೋಗುವ ಬೆಟ್ಟ ಅದು, ಕಾರ್ಯಪಡೆಯ ಒಂದು ಜಾಗಕ್ಕೆ 'ವರ್ಕ್‌ಶಾಪ್' ಎಂದೇ ಹೆಸರಿತ್ತು. ಕರೆಂಟ್ ಶಾಕ್ ಕೊಟ್ಟದ್ದನ್ನು ಹಳ್ಳಿಯವರು, ಹೆಂಗಸರೂ ಸೇರಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾ. ಎ.ಜೆ. ಸದಾಶಿವ ಸಮಿತಿಯ ಮುಂದೆ ಹೇಳಿದರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಖುಲಾಸೆ ಮಾಡಿತು; ಅಷ್ಟರಲ್ಲಿ ಹಲವರ ಎಂಟು ವರ್ಷ ಜೈಲಿನಲ್ಲೇ ಕಳೆದಿತ್ತು. 2007ರಲ್ಲಿ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ವೀರಪ್ಪನ್ ಸತ್ತದ್ದು 2004ರಲ್ಲಿ. ಅದೂ ಹೇಗೆ? ಪೊಲೀಸರೇ ಹೇಳಿದಂತೆ, ಅವನ ಗುಂಪಿನೊಳಗೆ ತಮ್ಮವರನ್ನು ಸೇರಿಸಿ, ಆಂಬುಲೆನ್ಸ್‌ನಲ್ಲಿ ಹೊರಗೆ ಕರೆತಂದು.

ಈಗ ಬಾಬಾಸಾಹೇಬರ ಮಾತಿಗೆ ಬರುತ್ತೇನೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿಟ್ಟರು. ಗುಂಡು ಹಾರಿಸುತ್ತಿರುವವನ ಎದುರು ಅಗತ್ಯ ಇರಬಹುದು. ಕೈಕಾಲು ಕಟ್ಟಿಹಾಕಿದವನು ಯಾರ ಮೇಲೆ ಬಂದೂಕು ಎತ್ತಿಯಾನು? ಕಟ್ಟಿದ ಕ್ಷಣಕ್ಕೇ ಅಗತ್ಯ ಮುಗಿಯಿತು, ಉಳಿದದ್ದು ಇಚ್ಛೆ. ಮಾಹಿತಿ ಬೇಕಲ್ಲ ಎನ್ನುತ್ತಾರೆ. ನೋವು ತಾಳಲಾರದವನು ಕೇಳುವವನಿಗೆ ಬೇಕಾದ ಹೆಸರು ಹೇಳುತ್ತಾನೆ. ಅದು ಪಕ್ಕದ ಮನೆಯವನದ್ದೂ ಆಗಬಹುದು. ಆ ಇಚ್ಛೆಯನ್ನು ರೂಢಿ ಮಾಡಿಕೊಂಡ ಕೈ ಯುದ್ಧ ಮುಗಿದ ಮೇಲೆ ಊರಿನ ಠಾಣೆಗೇ ಮರಳುತ್ತದೆ. ಅಲ್ಲಿಗೆ ಮೊದಲು ಯಾರನ್ನು ಎಳೆದೊಯ್ಯುತ್ತಾರೆ ಅನ್ನುವುದು ನಮ್ಮ ಕೇರಿಗಳಿಗೆ ಗೊತ್ತು.

ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದನೆ ಮಾತ್ರ ಇನ್ನೂ ಕೊಟ್ಟಿಲ್ಲ.

ಈ ಭಾನುವಾರ ಓದು ಕುಣಿಗಲ್‌ನಲ್ಲಿ. ಆ ತಮ್ಮ ಬಂದರೆ ಉತ್ತರಕ್ಕೂ ಮೊದಲು ಹೋಟೆಲಿನ ಸಂಗತಿ ಹೇಳಬೇಕು.

ಭವತು ಸಬ್ಬ ಮಂಗಲಂ.