ಎಲೆಗೆ ಒಂಬತ್ತು, ಎದೆಗೆ ಹತ್ತು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಲಗಳಲ್ಲಿ ಮುಂಗಾರಿನ ಜೊತೆ ನಾಟಿಯಾಗುವ ಹೊಗೆಸೊಪ್ಪು, ಎಲೆ ಹದಮಾಡುವ ಬ್ಯಾರನ್ನಿನ ಕಾವಿನಲ್ಲಿ ಹಳದಿಗೆ ತಿರುಗಿ, ಬೇಲ್ ಕಟ್ಟಿಸಿಕೊಂಡು ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜಿಗೆ ಹೋಗುತ್ತದೆ. ಅದರಲ್ಲಿ ನಿಕೋಟಿನ್ ಇದೆಯೆಂದು ಎಲ್ಲರೂ ಬಲ್ಲರು. ಆದರೆ ಆ ಎಲೆಯಲ್ಲಿ ನಮ್ಮ ಹೃದಯದ ನೆಂಟನೊಬ್ಬನೂ ಇದ್ದಾನೆ.

ಹೆಸರು ಸೊಲನೆಸಾಲ್. ಐದೈದು ಇಂಗಾಲದ ಒಂಬತ್ತು ಕೊಂಡಿಗಳು ಬೆಸೆದ ಉದ್ದನೆಯ ಅಣು. ಬ್ಯಾರನ್ನಿನಲ್ಲಿ ಹದಮಾಡಿದ ತಂಬಾಕಿನಿಂದಲೇ ಅಮೆರಿಕದ ರೋಲೆಂಡ್ ಮತ್ತು ಸಂಗಡಿಗರು 1956ರಲ್ಲಿ ಇದನ್ನು ಬೇರ್ಪಡಿಸಿದರು. ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ಅವರ ತಂಡ ದನದ ಹೃದಯದ ಮೈಟೊಕಾಂಡ್ರಿಯದಿಂದ ಹಳದಿ ವಸ್ತುವೊಂದನ್ನು ತೆಗೆಯಿತು. ಅದು ಕೋಎಂಜೈಮ್ ಕ್ಯೂ. ತಿಂದ ಅನ್ನ ಶಕ್ತಿಯಾಗುವ ದಾರಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಹೊತ್ತು ದಾಟಿಸುವುದು ಇದೇ. ಮನುಷ್ಯರಲ್ಲಿ ಅದರ ಬಾಲಕ್ಕೆ ಅದೇ ಬಗೆಯ ಹತ್ತು ಕೊಂಡಿಗಳು. ಎಲೆಯ ಒಂಬತ್ತಕ್ಕೆ ಇನ್ನೊಂದು ಸೇರಿಸಿದರೆ ಸಾಕು! ಮುಂದೆ ಔಷಧ ತಯಾರಕರು ಮಾಡಿದ್ದೂ ಅದನ್ನೇ. ತಂಬಾಕಿನ ಸೊಲನೆಸಾಲ್ ಕೋಎಂಜೈಮ್ ಕ್ಯೂ10ರ ಕಚ್ಚಾವಸ್ತುವಾಯಿತು.

ಈ ಕೊಂಡಿಗಳ ಲೆಕ್ಕದಲ್ಲಿ ನಮ್ಮವರೊಬ್ಬರ ಕೈಯಿದೆ. ಜೀವರಸಾಯನ ವಿಜ್ಞಾನಿ ಟಿ. ರಾಮಶರ್ಮ, ರಾಬರ್ಟ್ ಲೆಸ್ಟರ್ ಜೊತೆ 1959ರಲ್ಲಿ, ಸಿಲಿಕೋನ್ ಹಚ್ಚಿದ ಕಾಗದದ ಮೇಲೆ ಕ್ಯೂ ಕುಟುಂಬದ ಅಣುಗಳನ್ನು ಬಾಲದ ಉದ್ದದ ಪ್ರಕಾರ ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದೇ ಕೋಎಂಜೈಮ್ ಕ್ಯೂ ಬೆನ್ನು ಬಿದ್ದರು. ಇಲಿಗಳಿಗೆ ಅದನ್ನು ತಿನ್ನಿಸಿದರೆ ಯಕೃತ್ತು ಕೊಲೆಸ್ಟರಾಲ್ ತಯಾರಿಸುವುದು ತಗ್ಗುತ್ತದೆಂದು ಅವರ ಪ್ರಯೋಗಾಲಯ ಕಂಡಿತು. ಇಲಿಯಲ್ಲಿ ಈ ಅಣುವಿನ ಬಾಲ ಮುಖ್ಯವಾಗಿ ಒಂಬತ್ತು ಕೊಂಡಿಯದು, ಹೊಗೆಸೊಪ್ಪಿನ ಹಾಗೆಯೇ.  ಒಂದು ಕುತೂಹಲ ಹೀಗೆ ಆರದೆ ಉಳಿದದ್ದನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ.

ಇಂಥ ಕುತೂಹಲವನ್ನು ಬಿಟ್ಟು, ವಿಜ್ಞಾನಿಯನ್ನು ಅಳೆಯಲು ಇಂದು ಅವರ ಪ್ರಬಂಧಗಳಿಗೆ ಬಂದ ಉಲ್ಲೇಖಗಳನ್ನು ಎಣಿಸುತ್ತಾರೆ. ಪ್ರೋಟೀನ್ ಅಳೆಯುವ ವಿಧಾನ ಹೇಳಿದ ಆಲಿವರ್ ಲೌರಿ ಅವರ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಮೀರಿ ಉಲ್ಲೇಖಗಳು ಬಂದಿವೆ. ಅದಕ್ಕೆ ಆ ಮನ್ನಣೆ ಸಲ್ಲಲೇಬೇಕು. ಆದರೆ 1956ರಲ್ಲಿ ರೋಲೆಂಡ್ ಬರೆದಾಗ ಕೋಎಂಜೈಮ್ ಕ್ಯೂ ಎಂಬ ಹೆಸರೇ ಲೋಕಕ್ಕೆ ಗೊತ್ತಿರಲಿಲ್ಲ. ಆ ಪ್ರಬಂಧದ ಬೆಲೆಯನ್ನು ಅಂದು ಯಾವ ಲೆಕ್ಕಿಗ ಹೇಳಬಲ್ಲವನಾಗಿದ್ದ?

ಎಲೆಗೂ ನಮಗೂ ಇರುವ ಈ ನೆಂಟಸ್ತಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ಹಸಿರೆಲೆ ಬಿಸಿಲನ್ನು ಹಿಡಿಯುವಾಗ ಎಲೆಕ್ಟ್ರಾನ್ ಸಾಗಿಸುವ ಪ್ಲಾಸ್ಟೋಕ್ವಿನೋನ್‌ಗೂ ಒಂಬತ್ತು ಕೊಂಡಿಗಳದೇ ಬಾಲ. ಬಿಸಿಲು ಕುಡಿಯುವ ಎಲೆಯೂ ಉಸಿರಾಡುವ ನಾವೂ ಒಂದೇ ಜಾಣತನವನ್ನು ಹಂಚಿಕೊಂಡಿದ್ದೇವೆ. ಅದೇ ಎಲೆಯನ್ನು ಸುಟ್ಟರೆ? ಸೊಲನೆಸಾಲ್ ಒಡೆದು ಕ್ಯಾನ್ಸರ್ ತರುವ ಬಗೆಯ ಹೈಡ್ರೋಕಾರ್ಬನ್‌ಗಳು ಹುಟ್ಟುತ್ತವೆ. ಹೃದಯಕ್ಕೆ ಹತ್ತಿರವಾದುದನ್ನು ಹೊಗೆಯಾಗಿಸಿ ಹೃದಯವನ್ನೇ ಕೆಡಿಸಿಕೊಳ್ಳುತ್ತಿರುವುದು ನನ್ನನ್ನು ನೋಯಿಸುತ್ತದೆ.

ಗಿಡವಾದರೋ ಎಲೆ ಬಲಿತಂತೆ ಸೊಲನೆಸಾಲನ್ನು ಹೆಚ್ಚು ಹೆಚ್ಚು ಕೂಡಿಡುತ್ತದೆ. ಯಾಕೆ? ರೋಗ ತಡೆಯಲಿಕ್ಕೆ ಎಂಬ ಊಹೆಯಿದೆ. ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಎಂದು ಹೆಸರಾಗಿದ್ದ ರಾಜಮಂಡ್ರಿಯ ಸಂಸ್ಥೆಗೆ ಹುಣಸೂರಿನಲ್ಲೇ ಒಂದು ಕೇಂದ್ರವಿದೆ. ಈ ಪ್ರಶ್ನೆ ಅಲ್ಲಿನ ಹೊಲದಲ್ಲೇ ಬಗೆಹರಿಯಲಿ, ಉತ್ತರ ಬರೆದವರ ಪಟ್ಟಿಯಲ್ಲಿ ಈ ತಾಲ್ಲೂಕುಗಳ ಹೆಸರೊಂದು ಇರಲಿ ಎಂಬುದು ನನ್ನ ಆಸೆ.