ನಾಲ್ವರಲ್ಲಿ ಒಬ್ಬರು

ಮಾರ್ಕ 2 ತೆಗೀರಿ. ಪಾರ್ಶ್ವವಾಯು ರೋಗಿ, ಅಂದ್ರೆ ನಾವು ಲಕ್ವಾ ಅಂತೀವಲ್ಲ, ಅವನನ್ನು ನಾಲ್ಕು ಮಂದಿ ಹೊತ್ತು ತಂದರು. 5ನೇ ವಚನ ನೋಡ್ರಿ: ಯೇಸು ಕಂಡದ್ದು ಹೊತ್ತವರ ನಂಬಿಕೆಯನ್ನೂ!

ಮಾನ್ವಿಯಲ್ಲಿ ಲಕ್ವಾ ಹೊಡೆದ ಒಬ್ಬ ಅಣ್ಣನಿಗೆ ವಾರವಾರ ಪ್ರಾರ್ಥಿಸಿ, "ನಂಬಿಕೆ ಇಡ್ರಿ" ಅಂದು ಬರ್ತಿದ್ದೆ. ಒಮ್ಮೆ ಅಕ್ಕ ಅಂದರು: "ಪಾಸ್ಟರ್, ಫಿಸಿಯೋಥೆರಪಿಗೆ ದಿನಾ ರಾಯಚೂರಿಗೆ ಹೋಗಾಕ ಆಗಲ್ರಿ. ಮನ್ಯಾಗ ಇವರನ್ನ ನಿಲ್ಲಿಸಾಕ ನಾ ಒಬ್ಬಾಕೇ. ಸ್ವಲ್ಪ ಹಿಡೀತೀರೇನ್ರಿ?" ಎರಡು ತಿಂಗಳು ತಲೆ ಮೇಲೆ ಕೈ ಇಟ್ಟವನು ಹೆಗಲು ಕೊಟ್ಟಿರಲಿಲ್ಲ.

ಮೊದಲ 3 ತಿಂಗಳಲ್ಲಿ ಚೇತರಿಕೆ ಹೆಚ್ಚು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿದರೆ ಮಿದುಳು ಕಲಿಯುತ್ತೆ. ಫಿಸಿಯೋ ತೋರಿಸಿದಂತೆ ಮಾಡಿಸಿ. ಸೋತ ಕೈ ಹಿಡಿದು ಮಾತ್ರ ಎಳೀಬೇಡಿ, ಭುಜ ಜಾರುತ್ತೆ.

ದೇವದುರ್ಗದ ಯೂತ್, ನಿಮ್ಮ ಓಣಿ ನೋಡ್ಕೊಳ್ರಿ. ಮಾನ್ವಿಯವರೇ, ಸಂಜೆ ಅರ್ಧ ತಾಸು. ಅಲ್ಲಿ ಅಕ್ಕ, ನಾನು; ಇನ್ನೂ ಇಬ್ಬರು ಬೇಕು.